ಕಪ್ಪು ಗೆರೆಗಳ ಲೆಕ್ಕ



ನಮ್ಮ ಕಡೆಯ ಹಳೆಯ ಮನೆಗಳ ಅಡಿಗೆಮನೆಯ ಬಾಗಿಲ ಹಿಂದೆ ಇದ್ದಲಿನಿಂದ ಎಳೆದ ಸಾಲುಗೆರೆಗಳನ್ನು ನೀವು ನೋಡಿಯೇ ಇರುತ್ತೀರಿ. ಗೌಳಿಗರವನು ಹಾಲು ಹಾಕಿ ಹೋದ ಕೂಡಲೇ ಒಂದು ಗೆರೆ. ಅವನು ಬಾರದ ದಿನ ಗೆರೆ ಇಲ್ಲ. ನಾಲ್ಕು ಗೆರೆ ಆದ ಮೇಲೆ ಐದನೆಯದನ್ನು ಅಡ್ಡ ಹಾಕುವುದು. ತಿಂಗಳ ಕೊನೆಗೆ ಅಕ್ಷರ ಬಾರದ ಅಜ್ಜಿಯೂ ಗೋಡೆಯ ಮುಂದೆ ನಿಂತು "ಇಪ್ಪತ್ತಾರು ದಿನ ಆತು ನೋಡಪಾ, ನಾಕು ದಿನ ನೀ ಬಂದಿಲ್ಲ" ಎಂದು ಲೆಕ್ಕ ಒಪ್ಪಿಸುತ್ತಿದ್ದಳು. ಗೌಳಿಗ ಎದುರಾಡುತ್ತಿರಲಿಲ್ಲ. ಗೋಡೆ ಸುಳ್ಳು ಹೇಳುವುದಿಲ್ಲವಲ್ಲ!

ಈಗ ಆ ಗೆರೆಗಳು ಗೋಡೆ ಬಿಟ್ಟು ಸಾಮಾನಿನ ಪಾಕೀಟಿನ ಮೇಲೆ ಬಂದು ಕುಳಿತಿವೆ. ಸಾಬೂನು, ಚಹಾಪುಡಿ, ಬಿಸ್ಕೀಟು, ಶಾಂಪೂ, ಯಾವುದನ್ನೇ ಎತ್ತಿ ನೋಡಿರಿ, ಹಿಂಬದಿಯಲ್ಲಿ ಕಪ್ಪು-ಬಿಳಿ ಗೆರೆಗಳ ಒಂದು ಪಟ್ಟಿ, ಕೆಳಗೆ ಸಾಲಾಗಿ ಅಂಕೆಗಳು. ಇದಕ್ಕೆ ಬಾರ್‌ಕೋಡ್ ಎನ್ನುತ್ತಾರೆ. ಕೊಪ್ಪಳ, ಗಂಗಾವತಿಯ ದೊಡ್ಡ ಅಂಗಡಿಗಳಲ್ಲಿ ಹುಡುಗನೊಬ್ಬ ಆ ಪಟ್ಟಿಗೆ ಕೆಂಪು ಬೆಳಕು ಹಿಡಿದು "ಟಿಣ್" ಎನಿಸಿದ ಕೂಡಲೇ ಬಿಲ್ಲಿನಲ್ಲಿ ಬೆಲೆ ಮೂಡುತ್ತದೆ. ನಾವು ದುಡ್ಡು ಕೊಟ್ಟು ಬರುತ್ತೇವೆ. ಆದರೆ ಆ ಗೆರೆಗಳಲ್ಲಿ ಏನಿದೆ, ಏನಿಲ್ಲ ಎಂಬುದು ತಿಳಿದಿದ್ದರೆ ನಮ್ಮ ಗಂಟು ಉಳಿಯುತ್ತದೆ, ಕೆಲವೊಮ್ಮೆ ಆರೋಗ್ಯವೂ ಉಳಿಯುತ್ತದೆ. ಅದಕ್ಕೇ ಈ ಸಲದ ಅಂಕಣದಲ್ಲಿ ಈ ಗೆರೆಗಳ ಸಂಗತಿ.

ಮರಳಿನ ಮೇಲೆ ಮೂಡಿದ ಗೆರೆ

ಕಥೆ ಆರಂಭವಾದದ್ದು ದೂರದ ಅಮೇರಿಕೆಯಲ್ಲಿ, 1948ರಲ್ಲಿ. ಫಿಲಡೆಲ್ಫಿಯಾ ಎಂಬ ಊರಿನ ಕಾಲೇಜೊಂದಕ್ಕೆ ಕಿರಾಣಿ ಅಂಗಡಿಗಳ ದೊಡ್ಡ ಯಜಮಾನನೊಬ್ಬ ಬಂದು, "ಗಿರಾಕಿ ಕೊಂಡ ಸಾಮಾನನ್ನು ತಾನೇ ಓದಿಕೊಳ್ಳುವ ಯಂತ್ರ ಮಾಡಿಕೊಡಲು ಆಗುತ್ತದೆಯೇ?" ಎಂದು ಕೇಳಿದ. ಗಲ್ಲಾದ ಮುಂದೆ ಗಿರಾಕಿಗಳು ಸಾಲುಗಟ್ಟಿ ನಿಲ್ಲುವುದು, ಬೆಲೆ ಬರೆಯುವಲ್ಲಿ ತಪ್ಪು, ಯಾವ ಸಾಮಾನು ಎಷ್ಟು ಉಳಿದಿದೆ ಎಂಬುದು ತಿಳಿಯದಿರುವುದು, ಇವೇ ಅವನ ಕಷ್ಟಗಳು. ನಮ್ಮೂರ ಶೆಟ್ಟರ ಕಷ್ಟವೂ ಇವೇ ಅಲ್ಲವೇ?

ಆ ಮಾತು ಬರ್ನಾರ್ಡ್ ಸಿಲ್ವರ್ ಎಂಬ ವಿದ್ಯಾರ್ಥಿಯ ಕಿವಿಗೆ ಬಿತ್ತು. ಅವನು ಗೆಳೆಯ ನಾರ್ಮನ್ ವುಡ್‌ಲ್ಯಾಂಡನಿಗೆ ಹೇಳಿದ. ವುಡ್‌ಲ್ಯಾಂಡ್ ಅದನ್ನೇ ಧ್ಯಾನಿಸುತ್ತ ಒಂದು ದಿನ ಸಮುದ್ರದ ದಂಡೆಯಲ್ಲಿ ಕುಳಿತಿದ್ದಾಗ ತಂತಿ ಕಳಿಸುವ ಮಾರ್ಸ್ ಸಂಕೇತದ ಚುಕ್ಕೆ, ಅಡ್ಡಗೆರೆಗಳು ನೆನಪಾದವು. ಅವನು ಮರಳಿನಲ್ಲಿ ಬೆರಳೂರಿ ಆ ಚುಕ್ಕೆ-ಗೆರೆಗಳನ್ನು ಕೆಳಕ್ಕೆ ಎಳೆದ. ಚುಕ್ಕೆಯಿಂದ ಸಣ್ಣ ಗೆರೆ, ಅಡ್ಡಗೆರೆಯಿಂದ ದಪ್ಪ ಗೆರೆ! ನಾವು ರಂಗೋಲಿಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯುವಂತೆಯೇ ಅಂದುಕೊಳ್ಳಿರಿ. ಅವರಿಬ್ಬರಿಗೂ 1952ರಲ್ಲಿ ಅದರ ಪೇಟೆಂಟು ಸಿಕ್ಕಿತು.

ಆದರೆ ಗೆರೆ ಇದ್ದರಾಯಿತೇ? ಅದನ್ನು ಓದುವ ಅಗ್ಗದ ಬೆಳಕಿನ ಯಂತ್ರವೂ ಲೆಕ್ಕ ಹಿಡಿಯುವ ಕಂಪ್ಯೂಟರೂ ಆಗ ಇರಲಿಲ್ಲ. ಅವು ಬರುವವರೆಗೆ ಕಾಯಬೇಕಾಯಿತು. ಸಿಲ್ವರ್ 1963ರಲ್ಲೇ ತೀರಿಕೊಂಡ. ಈಗ ನಾವು ನೋಡುವ ಪಟ್ಟಿಯ ರೂಪವನ್ನು ಐಬಿಎಂ ಕಂಪನಿಯ ಜಾರ್ಜ್ ಲಾರರ್ ಎಂಬ ಎಂಜಿನಿಯರ್ ತಿದ್ದಿ ಸಿದ್ಧಪಡಿಸಿದ. 1974ರ ಜೂನ್ 26ರಂದು ಓಹಾಯೋ ರಾಜ್ಯದ ಟ್ರಾಯ್ ಎಂಬ ಸಣ್ಣ ಊರಿನ ಅಂಗಡಿಯಲ್ಲಿ ಮೊದಲ ಸಾಮಾನು ಯಂತ್ರದ ಮುಂದೆ ಹಾಯ್ದಿತು. ಅದೇನು ಬೆಳ್ಳಿ-ಬಂಗಾರವಲ್ಲ, 67 ಸೆಂಟಿನ ಒಂದು ಚ್ಯೂಯಿಂಗ್ ಗಮ್ ಪಾಕೀಟು! ಗಲ್ಲಾದಲ್ಲಿ ಕುಳಿತು ಅದನ್ನು ಯಂತ್ರಕ್ಕೆ ತೋರಿಸಿದವಳು ಶರಾನ್ ಬುಕಾನನ್ ಎಂಬ ಹೆಣ್ಣುಮಗಳು. ಜಗತ್ತಿನ ವ್ಯಾಪಾರ ಬದಲಾದದ್ದು ಒಬ್ಬ ಹೆಂಗಸಿನ ಕೈಯಿಂದ ಎಂಬುದನ್ನು ನೆನಪಿಡಿರಿ.

ಗೆರೆಯೊಳಗೆ ಬೆಲೆ ಇಲ್ಲ

ಈಗ ಮುಖ್ಯ ಮಾತು. ಬಹಳ ಮಂದಿ ಆ ಗೆರೆಗಳಲ್ಲಿ ಬೆಲೆ ಬರೆದಿರುತ್ತದೆ ಎಂದು ತಿಳಿದಿದ್ದಾರೆ. ಇಲ್ಲ! ಅಲ್ಲಿ ಇರುವುದು ಬರಿಯ ಒಂದು ಸಂಖ್ಯೆ, ಸಾಮಾನಿನ ಹೆಸರಿದ್ದಂತೆ. ಯಂತ್ರದ ಬೆಳಕು ಬಿದ್ದಾಗ ಕಪ್ಪು ಗೆರೆ ಬೆಳಕನ್ನು ನುಂಗುತ್ತದೆ, ಬಿಳಿ ಜಾಗ ಹಿಂದಕ್ಕೆ ಕಳಿಸುತ್ತದೆ. ಗೆರೆ ಎಷ್ಟು ದಪ್ಪ, ಸಂದು ಎಷ್ಟು ಅಗಲ ಎಂಬುದನ್ನು ಅಳೆದು ಯಂತ್ರ ಸಂಖ್ಯೆ ಓದಿಕೊಳ್ಳುತ್ತದೆ. ಆಮೇಲೆ ಅಂಗಡಿಯ ಕಂಪ್ಯೂಟರಿನಲ್ಲಿ ಆ ಸಂಖ್ಯೆಯ ಎದುರು ಅಂಗಡಿಯವರು ಯಾವ ಬೆಲೆ ತುಂಬಿದ್ದಾರೋ ಅದು ಬಿಲ್ಲಿನಲ್ಲಿ ಬರುತ್ತದೆ.

ಇದರಿಂದ ನಮಗೆ ಏನು ತಿಳಿಯಿತು? ಕಪಾಟಿನ ಮೇಲೆ "ಇಂದು ಕಡಿಮೆ ದರ" ಎಂದು ಚೀಟಿ ಅಂಟಿಸಿ, ಕಂಪ್ಯೂಟರಿನಲ್ಲಿ ಬೆಲೆ ತಿದ್ದಲು ಮರೆತಿದ್ದರೆ ನಿಮ್ಮ ಬಿಲ್ಲಿನಲ್ಲಿ ಹಳೆಯ ಬೆಲೆಯೇ ಬೀಳುತ್ತದೆ. ಯಂತ್ರ ತಪ್ಪು ಮಾಡಿಲ್ಲ, ತುಂಬಿದವರು ಮಾಡಿದ್ದಾರೆ. "ಕಂಪ್ಯೂಟರ್ ಬಿಲ್ ಅದರೀ ಅಕ್ಕಾರ, ತಪ್ಪಾಗಂಗಿಲ್ಲ" ಎಂದು ಹೇಳಿದರೆ ಸುಮ್ಮನೆ ಬರಬೇಡಿರಿ. ಬಿಲ್ಲನ್ನು ಅಲ್ಲಿಯೇ ನಿಂತು ಓದಿರಿ. ಒಂದೇ ಸಾಮಾನಿಗೆ ಎರಡು ಸಲ "ಟಿಣ್" ಆಗಿದೆಯೇ ನೋಡಿರಿ. ಪಾಕೀಟಿನ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಕೇಳುವ ಹಕ್ಕು ಯಾವ ಅಂಗಡಿಗೂ ಇಲ್ಲ. ಮಾತಿನಿಂದ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಬಿಲ್ಲು ಮಾತ್ರ ಕೈಯಲ್ಲಿರಲಿ.

ಇನ್ನೊಂದು ತಪ್ಪು ತಿಳಿವಳಿಕೆ 890 ಎಂಬ ಅಂಕೆಯದು. ಸಂಖ್ಯೆ 890ರಿಂದ ಶುರುವಾದರೆ ಸಾಮಾನು ನಮ್ಮ ದೇಶದಲ್ಲೇ ತಯಾರಾದದ್ದು ಎಂದು ಕೆಲವರು ಹೇಳುತ್ತಾರೆ. ಪೂರ್ತಿ ನಿಜವಲ್ಲ. ಈ ಸಂಖ್ಯೆಗಳನ್ನು ಹಂಚುವ ಜಿಎಸ್‌1 ಸಂಸ್ಥೆಯ ಭಾರತದ ಶಾಖೆಯಲ್ಲಿ ಕಂಪನಿ ಹೆಸರು ಹಚ್ಚಿದೆ ಎಂದಷ್ಟೇ ಅದರ ಅರ್ಥ. ಎಲ್ಲಿ ತಯಾರಾಯಿತು ಎಂಬುದನ್ನು ಪಾಕೀಟಿನ ಅಕ್ಷರದಲ್ಲೇ ಓದಬೇಕು.

ಮಕ್ಕಳಿಗೆ ಒಂದು ಲೆಕ್ಕ

ಆ ಹದಿಮೂರು ಅಂಕೆಗಳಲ್ಲಿ ಕೊನೆಯದು ಕಾವಲುಗಾರ. ಮಕ್ಕಳು ಮನೆಪಾಠಕ್ಕೆ ಕುಳಿತಾಗ ಅವರ ಜೊತೆ ಈ ಲೆಕ್ಕ ಮಾಡಿ ನೋಡಿರಿ, ಖುಷಿ ಪಡುತ್ತಾರೆ. ಉದಾಹರಣೆಗೆ 8901234567890 ಎಂಬ ಸಂಖ್ಯೆ ತೆಗೆದುಕೊಳ್ಳೋಣ.

ಎಡದಿಂದ ಒಂದು, ಮೂರು, ಐದು, ಏಳು, ಒಂಬತ್ತು, ಹನ್ನೊಂದನೆಯ ಅಂಕೆಗಳನ್ನು ಕೂಡಿಸಿರಿ. 8, 0, 2, 4, 6, 8 ಸೇರಿ 28 ಆಯಿತು. ಎರಡು, ನಾಲ್ಕು, ಆರು, ಎಂಟು, ಹತ್ತು, ಹನ್ನೆರಡನೆಯವನ್ನು ಕೂಡಿಸಿರಿ. 9, 1, 3, 5, 7, 9 ಸೇರಿ 34. ಇದನ್ನು ಮೂರರಿಂದ ಗುಣಿಸಿದರೆ 102. ಎರಡೂ ಸೇರಿ 130. ಇದನ್ನು ಹತ್ತರ ಮಗ್ಗಿಗೆ ತರಲು ಇನ್ನೆಷ್ಟು ಬೇಕು? ಏನೂ ಬೇಡ. ಅದಕ್ಕೇ ಕೊನೆಯ ಅಂಕೆ ಸೊನ್ನೆ.

ಈಗ ಯಂತ್ರ 3ನ್ನು 8 ಎಂದು ಓದಿತು ಎನ್ನಿರಿ. 34ರ ಬದಲು 39 ಆಗಿ, ಮೂರರಿಂದ ಗುಣಿಸಿದರೆ 117, ಒಟ್ಟು 145. ಕೊನೆಯ ಅಂಕೆ 5 ಆಗಬೇಕಿತ್ತು, ಆದರೆ ಪಾಕೀಟಿನ ಮೇಲೆ ಸೊನ್ನೆ ಇದೆ. ಯಂತ್ರಕ್ಕೆ ಕೂಡಲೇ ತಪ್ಪು ಗೊತ್ತಾಗಿ "ಟಿಣ್" ಎನ್ನುವುದಿಲ್ಲ. ಮನೆಯಲ್ಲಿರುವ ಸಾಬೂನಿನ ಪಾಕೀಟು ಹಿಡಿದು ಮಕ್ಕಳಿಂದ ಇದೇ ಲೆಕ್ಕ ಮಾಡಿಸಿರಿ. ಮಗ್ಗಿಯೂ ಬಂತು, ತಿಳಿವಳಿಕೆಯೂ ಬಂತು.

ಶೆಟ್ಟರ ತಲೆ, ಯಂತ್ರದ ತಲೆ

ಅಂಗಡಿಯವರಿಗೆ ಇದರಿಂದ ದೊಡ್ಡ ಲಾಭ ಬಿಲ್ ಬೇಗ ಆಗುವುದಲ್ಲ, ದಾಸ್ತಾನಿನ ಲೆಕ್ಕ. ಮೊದಲು ಯಾವ ಸಾಮಾನು ಎಷ್ಟು ಉಳಿದಿದೆ ಎಂಬುದು ಅಂಗಡಿ ಯಜಮಾನರ ತಲೆಯಲ್ಲಿ ಮಾತ್ರ ಇರುತ್ತಿತ್ತು. ದೀಪಾವಳಿಗೆ ಖಾತೆ-ಕಿರ್ದಿ ಪೂಜೆಯ ಹೊತ್ತಿಗೆ ಅಂಗಡಿ ಗುಡಿಸಿ, ಡಬ್ಬಿ, ಚೀಲ ಇಳಿಸಿ ಎಣಿಸಿದಾಗಲೇ ಮೂಲೆಯಲ್ಲಿ ಹುಳ ಹಿಡಿದ ಬೇಳೆಯೂ ಇಲಿ ಕಡಿದ ಚೀಲವೂ ಕಣ್ಣಿಗೆ ಬೀಳುತ್ತಿದ್ದವು. ಆ ನಷ್ಟವೂ ಕೊನೆಗೆ ಬೆಲೆಯ ರೂಪದಲ್ಲಿ ನಮ್ಮ ಮೇಲೇ ಬರುತ್ತಿತ್ತು.

ಈಗ ನಲವತ್ತು ಸಾಬೂನು ಬಂದಾಗ ಕಂಪ್ಯೂಟರಿಗೆ ನಲವತ್ತು ಎಂದು ತುಂಬುತ್ತಾರೆ. ನೀವು ಮೂರು ಕೊಂಡಿರಿ, ಮೂರು ಸಲ "ಟಿಣ್" ಆಯಿತು, ಅಲ್ಲಿ ಮೂವತ್ತೇಳು ಉಳಿಯಿತು. ಹತ್ತಕ್ಕೆ ಇಳಿದಾಗ ಹೊಸದು ತರಿಸಿರೆಂದು ಕಂಪ್ಯೂಟರೇ ನೆನಪಿಸುತ್ತದೆ. ಯಾವುದು ಓಡುತ್ತದೆ, ಯಾವುದು ಮೂಲೆ ಹಿಡಿದಿದೆ ಎಂಬುದು ದಿನದಿನಕ್ಕೂ ಗೊತ್ತಾಗುತ್ತದೆ. ಬೇಡದ ಸಾಮಾನಿನಲ್ಲಿ ದುಡ್ಡು ಹೂಳುವುದು ತಪ್ಪಿತು.

ಆದರೂ ಎರಡು ಕೊರತೆ ಉಳಿದಿವೆ. ಮೊದಲನೆಯದು, ಸಾಮಾನ್ಯ ಗೆರೆಪಟ್ಟಿಯಲ್ಲಿ ತಯಾರಾದ ದಿನ, ಅವಧಿ ಮುಗಿಯುವ ದಿನ ಇರುವುದಿಲ್ಲ. ಹಳೆಯ ಪಾಕೀಟಿಗೂ ಹೊಸದಕ್ಕೂ ಅದೇ ಸಂಖ್ಯೆ. ಹೀಗಾಗಿ ಅವಧಿ ಮುಗಿದ ಮಸಾಲೆಪುಡಿಯನ್ನೂ ಯಂತ್ರ ನಿಶ್ಚಿಂತೆಯಿಂದ "ಟಿಣ್" ಎಂದು ಬಿಟ್ಟುಕೊಡುತ್ತದೆ! ಚೌಕಾಕಾರದ ಹೊಸ ಸಂಕೇತದಲ್ಲಿ ಈ ತಾರೀಖುಗಳನ್ನೂ ತುಂಬಬಹುದು. 2027ರ ಕೊನೆಯ ಹೊತ್ತಿಗೆ ಅಂಗಡಿಗಳ ಯಂತ್ರಗಳು ಅದನ್ನೂ ಓದುವಂತಾಗಬೇಕು ಎಂಬ ಗುರಿಯನ್ನು ಜಿಎಸ್‌1 ಇಟ್ಟುಕೊಂಡಿದೆ. ಅಲ್ಲಿಯವರೆಗೂ, ಆಮೇಲೂ, ತಾರೀಖು ನೋಡುವ ಕೆಲಸ ನಮ್ಮ ಕಣ್ಣಿನದೇ.

ಎರಡನೆಯದು, ಯಂತ್ರಕ್ಕೆ ಸಾಮಾನು ಗೊತ್ತು, ಮನುಷ್ಯರು ಗೊತ್ತಿಲ್ಲ. ಯಲಬುರ್ಗಾದ, ಕುಷ್ಟಗಿಯ ಓಣಿಯ ಅಂಗಡಿಯವರಿಗೆ ನಿಮ್ಮ ಮನೆಯಲ್ಲಿ ಎಷ್ಟು ಮಂದಿ, ಯಾವ ತಿಂಗಳು ಕೈ ಬಿಗಿ, ಯಾರ ಮನೆಯಲ್ಲಿ ಬಾಣಂತಿ ಎಂಬುದೆಲ್ಲ ಗೊತ್ತು. ಮಳೆ ಕೈಕೊಟ್ಟ ವರ್ಷ ಉದ್ರಿ ಬರೆದುಕೊಂಡು ಜೋಳ, ಬೇಳೆ ಕೊಟ್ಟವರು ಅವರೇ ಹೊರತು ಯಂತ್ರವಲ್ಲ. ಆದ್ದರಿಂದ ದೊಡ್ಡ ಅಂಗಡಿಯ ತಂಪು ಗಾಳಿಗೆ ಮರುಳಾಗಿ ಓಣಿಯ ಅಂಗಡಿಯನ್ನು ಪೂರ್ತಿ ಬಿಡಬೇಡಿರಿ. ಉದ್ರಿ ಪುಸ್ತಕ ಮಾತ್ರ ಎರಡಿರಲಿ, ಒಂದು ಅವರಲ್ಲಿ, ಒಂದು ನಿಮ್ಮಲ್ಲಿ.

ಜಾಡು ಹಿಡಿಯುವ ಸಂಖ್ಯೆಗಳು

ಈಗ ಕಿರಾಣಿ ಬಿಟ್ಟು ಸುತ್ತ ನೋಡಿರಿ. ಎಲ್ಲೆಲ್ಲೂ ಸಂಖ್ಯೆ, ಎಲ್ಲೆಲ್ಲೂ ಜಾಡು.

ಕೊಟ್ಟಿಗೆಗೆ ಹೋದರೆ ಆಕಳು, ಎಮ್ಮೆಯ ಕಿವಿಯಲ್ಲಿ ಹಳದಿ ಬಿಲ್ಲೆ. ಅದರ ಮೇಲೆ ಹನ್ನೆರಡು ಅಂಕೆಗಳ ಸಂಖ್ಯೆ, ಜೊತೆಗೆ ಅದೇ ಗೆರೆಪಟ್ಟಿ. ಕಾಲುಬಾಯಿ ಜ್ವರದ ಲಸಿಕೆ ಹಾಕಿದ್ದು ಯಾವಾಗ ಎಂಬುದು ಆ ಸಂಖ್ಯೆಯ ಎದುರು ದಾಖಲಾಗುತ್ತದೆ. ಬಿಲ್ಲೆ ಬಿದ್ದುಹೋದರೆ ಸುಮ್ಮನಿರದೆ ಪಶು ಆಸ್ಪತ್ರೆಗೆ ತಿಳಿಸಿರಿ.

ಕುಷ್ಟಗಿಯ ಮೂಲಕ ಹಾಯುವ ಹೆದ್ದಾರಿ 50ರಲ್ಲಿ ವಿಜಯಪುರದ ಕಡೆಗೋ ಹೊಸಪೇಟೆಯ ಕಡೆಗೋ ಹೊರಟರೆ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯಿಂದ ಸುಂಕ ತಾನಾಗಿ ಕಡಿತವಾಗುತ್ತದೆ. 2021ರ ಫೆಬ್ರವರಿಯಿಂದ ಇದು ಕಡ್ಡಾಯವಾಯಿತು. ಅದರಲ್ಲಿ ಗೆರೆಯ ಬದಲು ರೇಡಿಯೋ ಅಲೆ ಕೆಲಸ ಮಾಡುತ್ತದೆ. ಅದಕ್ಕೇ ಗಾಡಿ ಚಲಿಸುತ್ತಿರುವಾಗಲೂ ಓದಬಲ್ಲದು.

ಬಂಗಾರ ಕೊಳ್ಳುವಾಗ ಮೂರು ಗುರುತು ನೋಡಬೇಕು. ಬಿಐಎಸ್ ಮುದ್ರೆ, ಶುದ್ಧತೆಯ ಗುರುತು, 22 ಕ್ಯಾರೆಟ್ ಆದರೆ 916, ಮತ್ತು ಅಕ್ಷರ-ಅಂಕೆ ಸೇರಿದ ಆರು ಅಕ್ಷರಗಳ ಸಂಕೇತ. ಎಚ್‌ಯುಐಡಿ ಎಂಬ ಈ ಸಂಕೇತ ಪ್ರತಿ ಒಡವೆಗೂ ಬೇರೆ ಬೇರೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಎಂದು ಮಾರಬೇಕಾದರೆ ಇದು ಇರಲೇಬೇಕು. ಮೊಬೈಲಿನಲ್ಲಿ ಬಿಐಎಸ್ ಕೇರ್ ಎಂಬ ಆ್ಯಪ್ ಹಾಕಿಕೊಂಡು ಸಂಕೇತ ತುಂಬಿದರೆ ಒಡವೆಯ ಜಾತಕ ಬರುತ್ತದೆ. ಮಗಳ ಮದುವೆಗೆ ಜೀವಮಾನದ ಉಳಿತಾಯ ಸುರಿಯುವಾಗ ಅಂಗಡಿಯಲ್ಲೇ ಕುಳಿತು ಎರಡು ನಿಮಿಷ ಇದನ್ನು ಮಾಡಲು ಸಂಕೋಚ ಬೇಡ. "ನಂಬಿಕಿ ಇಲ್ಲೇನ್ರಿ ಅಕ್ಕಾರ?" ಎಂದು ಕೇಳಿದರೆ, "ನಂಬಿಕಿ ಐತ್ರಿ, ಅದಕ್ಕ ನಿಮ್ಮ ಮುಂದ ನೋಡಾಕತ್ತೀನಿ" ಎಂದು ನಕ್ಕುಬಿಡಿರಿ.

ಔಷಧಿಯದು ಇನ್ನೂ ಮುಖ್ಯ. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡಿನ ಔಷಧಿಗಳ ಮೇಲೆ 2023ರ ಆಗಸ್ಟ್ 1ರ ನಂತರ ತಯಾರಾದವುಗಳಲ್ಲಿ ಬಾರ್‌ಕೋಡ್ ಅಥವಾ ಕ್ಯೂಆರ್ ಸಂಕೇತ ಇರಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಔಷಧಿಯ ಹೆಸರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಅವಧಿ ಎಲ್ಲವೂ ಅದರಲ್ಲಿ ತೆರೆದುಕೊಳ್ಳುತ್ತದೆ. ಪಟ್ಟಿಯ ಮೇಲಿನ ತಾರೀಖು, ಮೊಬೈಲು ತೋರಿಸಿದ ತಾರೀಖು ಬೇರೆ ಬೇರೆ ಬಂದರೆ ಆ ಗುಳಿಗೆ ನುಂಗಬೇಡಿರಿ, ಅಂಗಡಿಯವರನ್ನು ಕೇಳಿರಿ. ಗುಳಿಗೆ ಮುರಿದುಕೊಳ್ಳುವಾಗ ಅವಧಿ ಬರೆದ ತುದಿಯನ್ನು ಕೊನೆಗೆ ಉಳಿಸಿಕೊಳ್ಳುವುದು ಜಾಣತನ.

ಈ ಚೌಕದ ಕ್ಯೂಆರ್ ಸಂಕೇತ ಹುಟ್ಟಿದ್ದು ಜಪಾನಿನಲ್ಲಿ, 1994ರಲ್ಲಿ. ಮೋಟಾರಿನ ಬಿಡಿಭಾಗಗಳ ಲೆಕ್ಕ ಇಡಲು ಗೆರೆಪಟ್ಟಿ ಸಾಲದೆ ಮಸಾಹಿರೋ ಹಾರಾ ಎಂಬ ಎಂಜಿನಿಯರ್ ಮತ್ತು ಅವರ ಸಂಗಡಿಗರು ಇದನ್ನು ಮಾಡಿದರು. ನಮ್ಮ ಚೌಕಾಬಾರದಂಥ ಮನೆಗಳಿರುವ 'ಗೋ' ಎಂಬ ಹಲಗೆಯಾಟದ ಕಪ್ಪು-ಬಿಳಿ ಕಾಯಿಗಳನ್ನು ನೋಡಿ ಹಾರಾ ಅವರಿಗೆ ಈ ವಿಚಾರ ಹೊಳೆಯಿತಂತೆ. ಈಗ ಕಾಯಿಪಲ್ಯ ಮಾರುವ ಅಜ್ಜಿಯ ಬುಟ್ಟಿಯ ಮುಂದೂ ಅದೇ ಚೌಕ! ಇಲ್ಲಿ ಒಂದು ಎಚ್ಚರಿಕೆ. ಈ ಚೌಕ ತೋರಿಸಿ, ಗುಪ್ತ ಪಿನ್ನು ಒತ್ತುವುದು ದುಡ್ಡು ಕೊಡಲಿಕ್ಕೆ ಮಾತ್ರ. ದುಡ್ಡು ಬರಬೇಕಾದರೆ ಪಿನ್ನು ಒತ್ತುವುದು ಬೇಡವೇ ಬೇಡ. "ನಿಮಗೆ ಹಣ ಕಳಿಸುತ್ತೇವೆ, ಈ ಚೌಕ ಸ್ಕ್ಯಾನ್ ಮಾಡಿ ಪಿನ್ನು ಒತ್ತಿ" ಎಂದವನು ಕಳ್ಳನೇ ಸರಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿರಿ.

ಬೆರಳು ಸವೆದವರ ಪಾಡು

ನ್ಯಾಯಬೆಲೆ ಅಂಗಡಿಯ ಮಾತು ಆಡದಿದ್ದರೆ ಈ ಲೇಖನ ಪೂರ್ತಿಯಾಗದು. ಅಲ್ಲಿ ನಮ್ಮ ಬೆರಳಿನ ಗೆರೆಗಳೇ ಗೆರೆಪಟ್ಟಿ! ಹೆಬ್ಬೆರಳು ಒತ್ತಿದರೆ ಯಾರು, ಯಾವ ಕಾರ್ಡು, ಎಷ್ಟು ಕಿಲೋ ಎಂದು ಯಂತ್ರ ತೋರಿಸುತ್ತದೆ. ಇದರಿಂದ ಸತ್ತವರ ಹೆಸರಿನಲ್ಲಿ ಅಕ್ಕಿ ಎತ್ತುವುದು ಕಷ್ಟವಾಯಿತು. ಒಳ್ಳೆಯದೇ.

ಆದರೆ ನಾಟಿ ಮಾಡಿ, ಕಳೆ ಕಿತ್ತು, ಹತ್ತಿ ಬಿಡಿಸಿ, ಪಾತ್ರೆ ತಿಕ್ಕಿ ಬೆರಳಿನ ಗೆರೆ ಸವೆದುಹೋದ ಮುದುಕಿಯರನ್ನು ಯಂತ್ರ ಗುರುತಿಸುವುದಿಲ್ಲ. ಮೂರು ಸಲ, ನಾಲ್ಕು ಸಲ ಒತ್ತಿಸಿ "ನಾಳೆ ಬಾ" ಎಂದು ಕಳಿಸಿದರೆ ಆ ಜೀವ ಕೂಲಿ ಬಿಟ್ಟು ಮತ್ತೆ ಬರಬೇಕು. ದುಡಿದದ್ದಕ್ಕೇ ದಂಡ ತೆತ್ತಂತಾಗಲಿಲ್ಲವೇ ಇದು? ಬೆರಳು ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಓಣಿಯಲ್ಲಿ ಇಂಥ ಅಜ್ಜಿ ಇದ್ದರೆ ಒಮ್ಮೆ ಜೊತೆಗೆ ಹೋಗಿರಿ. ಕೈ ತೊಳೆದು ಒರೆಸಿ, ಬೇರೆ ಬೆರಳು ಇಡಿಸಿ ನೋಡಿರಿ. ಬೇರೆ ದಾರಿ ಏನಿದೆ ಎಂದು ನೀವೇ ಬಾಯಿಬಿಟ್ಟು ಕೇಳಿರಿ. ಆಗದಿದ್ದರೆ ಪಡಿತರ ಸಹಾಯವಾಣಿ 1967, ಇಲ್ಲವೇ ತಾಲ್ಲೂಕು ಕಚೇರಿಯ ಆಹಾರ ಶಾಖೆ ಇದೆ. ಲೆಕ್ಕ ಸರಿಯಿರಬೇಕು, ನಿಜ. ಆದರೆ ಲೆಕ್ಕ ಇರುವುದು ಹೊಟ್ಟೆಗಾಗಿ.

ನಿಮ್ಮ ಚಟ್ನಿಪುಡಿಗೂ ಗೆರೆಪಟ್ಟಿ ಬೇಕೇ?

ಸ್ತ್ರೀಶಕ್ತಿ ಸಂಘದ ಸೋದರಿಯರು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಸಂಡಿಗೆ ಮಾಡಿ ಮಾರುವುದು ಈಗ ಹೆಚ್ಚಿದೆ. "ಬಾರ್‌ಕೋಡ್ ಇಲ್ಲದಿದ್ದರ ಮಾರಾಕ ಬರಂಗಿಲ್ಲೇನು?" ಎಂಬ ಅಂಜಿಕೆಯೂ ಇದೆ. ಅಂಜಬೇಡಿರಿ. ಮನೆಯಿಂದ, ಸಂತೆಯಲ್ಲಿ, ಓಣಿಯ ಅಂಗಡಿಯಲ್ಲಿ ಮಾರಲು ಬಾರ್‌ಕೋಡ್ ಬೇಕಿಲ್ಲ. ಕಾನೂನಿನಂತೆ ಬೇಕಾದದ್ದು ಎಫ್‌ಎಸ್‌ಎಸ್‌ಎಐ ನೋಂದಣಿ. ಅದರ ಹದಿನಾಲ್ಕು ಅಂಕೆಗಳ ಸಂಖ್ಯೆ, ತೂಕ, ಬೆಲೆ, ತಯಾರಾದ ದಿನ, ಎಲ್ಲಿಯವರೆಗೆ ತಿನ್ನಬಹುದು ಎಂಬುದು, ನಿಮ್ಮ ವಿಳಾಸ, ಹಾಕಿದ ಪದಾರ್ಥಗಳು, ಇವು ಚೀಟಿಯಲ್ಲಿರಲಿ.

ದೊಡ್ಡ ಅಂಗಡಿಗೆ ಕೊಡಬೇಕು, ಇಂಟರ್ನೆಟ್ಟಿನಲ್ಲಿ ಮಾರಬೇಕು ಎಂದಾಗ ಬಾರ್‌ಕೋಡ್ ಕೇಳುತ್ತಾರೆ. ಆಗ ಜಿಎಸ್‌1 ಇಂಡಿಯಾ ಸಂಸ್ಥೆಯಲ್ಲಿ ಹೆಸರು ಹಚ್ಚಿ ಸಂಖ್ಯೆ ಪಡೆಯಿರಿ. ಕಡಿಮೆ ದುಡ್ಡಿಗೆ ಬಾರ್‌ಕೋಡ್ ಮಾಡಿಕೊಡುತ್ತೇವೆ ಎಂದು ಯಾರದೋ ಸಂಖ್ಯೆಯನ್ನು ನಿಮಗೆ ಅಂಟಿಸುವವರೂ ಇದ್ದಾರೆ. ನೆನಪಿರಲಿ, ನೂರು ಗ್ರಾಂ ಪಾಕೀಟಿಗೆ ಒಂದು ಸಂಖ್ಯೆ, ಇನ್ನೂರು ಗ್ರಾಂ ಪಾಕೀಟಿಗೆ ಇನ್ನೊಂದು. ಬೆಳ್ಳುಳ್ಳಿ ಹಾಕಿದ್ದಕ್ಕೆ ಬೇರೆ, ಹಾಕದ್ದಕ್ಕೆ ಬೇರೆ. ಗೆರೆಪಟ್ಟಿಯನ್ನು ಬಿಳಿಯ ಹಿನ್ನೆಲೆಯಲ್ಲಿ ಕಪ್ಪಾಗಿಯೇ ಅಚ್ಚು ಹಾಕಿಸಿರಿ. ಚಂದ ಕಾಣಲೆಂದು ಕೆಂಪು ಗೆರೆ ಹಾಕಿಸಿದರೆ ಕೆಂಪು ಬೆಳಕಿನ ಯಂತ್ರಕ್ಕೆ ಗೆರೆಯೇ ಕಾಣುವುದಿಲ್ಲ!

ನಮ್ಮ ಜಿಲ್ಲೆಯಲ್ಲೇ ಎರಡು ಬಗೆಯ ಗೊಂಬೆಗಳಿವೆ ನೋಡಿರಿ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಕೆತ್ತಿ ಬಣ್ಣ ತುಂಬುವ ಗೊಂಬೆ ಒಂದು. ಕೈಯ ಕಸುಬಿಗೇ ಹೆಸರಾದ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮೊದಲು ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಭಾನಾಪುರದಲ್ಲಿ 2021ರಲ್ಲಿ ಅಡಿಗಲ್ಲು ಹಾಕಿದ ಆಟಿಕೆ ಕ್ಲಸ್ಟರಿನ ಗೊಂಬೆ ಇನ್ನೊಂದು. ಕಾರ್ಖಾನೆಯ ಆಟಿಕೆ ಪರದೇಶದ ಅಂಗಡಿಗೆ ಹೋಗಬೇಕಾದರೆ ಪೆಟ್ಟಿಗೆ ಪೆಟ್ಟಿಗೆಗೂ ಸಂಖ್ಯೆ ಬೇಕೇಬೇಕು. ಕಿನ್ನಾಳದ ಗೊಂಬೆ ನೋಡಿದರೆ ಕಣ್ಣೇ ಗುರುತು ಹಿಡಿಯುತ್ತದೆ. ಎರಡಕ್ಕೂ ಅದರದರ ಮಾರ್ಗ. ನಿಮ್ಮ ಚಟ್ನಿಪುಡಿಗೆ ಯಾವ ಮಾರ್ಗ ಎಂಬುದನ್ನು ಲಾಭ-ನಷ್ಟ ಕೂಡಿಸಿ, ಸಂಘದಲ್ಲಿ ಕುಳಿತು ನಿರ್ಧರಿಸಿರಿ.

ಮನೆಯ ದಾಸ್ತಾನಿಗೆ ಐದು ಸೂತ್ರ

ಯಂತ್ರವಿಲ್ಲದೆಯೂ ಈ ವಿದ್ಯೆ ನಮ್ಮ ಅಡಿಗೆಮನೆಗೆ ಬರುತ್ತದೆ. ಹಗೇವಿನಲ್ಲಿ ಜೋಳ ತುಂಬಿಟ್ಟು ವರ್ಷ ತೂಗಿಸಿದ ಮನೆತನದವರು ನಾವು!

1. ಪ್ರತಿ ಡಬ್ಬಿಗೂ ಒಂದು ಚೀಟಿ ಅಂಟಿಸಿರಿ. ತಂದ ತಾರೀಖು, ಎಷ್ಟು ಕಿಲೋ, ಎರಡೇ ಸಾಲು ಸಾಕು.

2. ಹೊಸದನ್ನು ಹಳೆಯದರ ಮೇಲೆ ಸುರಿಯಬೇಡಿರಿ. ಹಳೆಯದು ಮುಂದೆ, ಹೊಸದು ಹಿಂದೆ. ಮೊದಲು ಬಂದದ್ದು ಮೊದಲು ಒಲೆಗೆ.

3. ಡಬ್ಬಿಯೊಳಗೆ ಒಂದು ಗುರುತು ಇರಲಿ. ಬೇಳೆ ಆ ಗುರುತಿಗೆ ಇಳಿದ ದಿನವೇ ಸಾಮಾನಿನ ಚೀಟಿಗೆ ಏರಬೇಕು. ಪೂರ್ತಿ ಮುಗಿದ ಮೇಲೆ ಓಡಾಡಿದರೆ ದುಬಾರಿಗೆ ತರಬೇಕಾಗುತ್ತದೆ.

4. ತಿಂಗಳಿಗೊಮ್ಮೆ, ಅಮಾಸಿಯ ಹಿಂದಿನ ದಿನ ಇಟ್ಟುಕೊಂಡರೆ ನೆನಪಿರುತ್ತದೆ, ಎಲ್ಲ ಡಬ್ಬಿ ಇಳಿಸಿ ನೋಡಿರಿ. ಗಂಗಾವತಿ ಸೋನಾ ಮಸೂರಿ ಚೀಲ ತೆರೆದಿದ್ದರೆ ಒಣಗಿದ ಬೇವಿನ ಸೊಪ್ಪು ಬದಲಿಸಿರಿ.

5. ಔಷಧಿ ಡಬ್ಬಿಯನ್ನು ಯುಗಾದಿಗೊಮ್ಮೆ, ದಸರೆಗೊಮ್ಮೆ ತೆರೆದು ಅವಧಿ ಮುಗಿದವನ್ನು ತೆಗೆಯಿರಿ.

ಈ ಲೆಕ್ಕವನ್ನು ಒಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆದಿಟ್ಟರೆ ಮೂರೇ ತಿಂಗಳಲ್ಲಿ ನಿಮ್ಮ ಮನೆಗೆ ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಬೇಕು ಎಂಬುದು ನಿಮಗೇ ಗೊತ್ತಾಗುತ್ತದೆ. "ತಿಂಗಳಾ ಇಷ್ಟ ಖರ್ಚ ಯಾಕಾತು?" ಎಂದು ಯಜಮಾನರು ಕೇಳಿದರೆ ನೋಟುಬುಕ್ಕು ಮುಂದಿಡಿರಿ. ಗೋಡೆಯಂತೆ ಅದೂ ಸುಳ್ಳು ಹೇಳುವುದಿಲ್ಲ. ಮನೆಯೊಡತಿಯ ದುಡಿಮೆ ಯಾವ ಬಿಲ್ಲಿನಲ್ಲೂ ಮೂಡುವುದಿಲ್ಲ. ಬರೆದಿಟ್ಟರೆ ಅದರ ಜಾಣತನವಾದರೂ ಎಲ್ಲರ ಕಣ್ಣಿಗೆ ಬೀಳುತ್ತದೆ.

ನಿಮ್ಮ ಮನೆಯ ಲೆಕ್ಕದ ಕ್ರಮ ಏನು, ಸಾಮಾನು ಕೆಡದಂತೆ ನಿಮ್ಮ ಅತ್ತೆ, ಅಜ್ಜಿಯರು ಯಾವ ಉಪಾಯ ಮಾಡುತ್ತಿದ್ದರು ಎಂಬುದನ್ನು ನಮಗೆ ಬರೆದು ತಿಳಿಸಿರಿ. ಮುಂದಿನ ಸಂಚಿಕೆಯಲ್ಲಿ ಬೇಸಿಗೆಗೆ ಮುಂಚೆ ಖಾರಪುಡಿ, ಹುಣಸೆಹಣ್ಣು ವರ್ಷಕ್ಕಾಗುವಷ್ಟು ತುಂಬಿಡುವ ಬಗೆ ನೋಡೋಣ.